ಆರ್ಕೇನ್ ಗೇಟ್: ಕಡಂಗದ ಈಚೆ ದಡದಿಂದ 14 ಜನರನ್ನು ದಾಟಿಸೋದು ಹೇಗೆ?

ಕಡಂಗ_ಕಾವಲು
ಎಲ್ಲರಿಗೂ ನಮಸ್ಕಾರ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಹಾಕಿ, ಪಾತ್ರ ವಹಿಸಿ ಆಡೋ ಟೇಬಲ್ ಆಟ), 5ನೇ ಆವೃತ್ತಿ, 2014ರ ನಿಯಮ. ಪಾತ್ರಗಳು ನಾಲ್ಕು, ಎಲ್ಲ 11ನೇ ಲೆವೆಲ್: ವಿಝಾರ್ಡ್ (ಮಂತ್ರಗಾರ), ಕ್ಲೆರಿಕ್ (ಪುರೋಹಿತ), ಫೈಟರ್ (ಯೋಧ), ರೋಗ್ (ಕಳ್ಳ). ಡಿಎಂ (ಆಟ ನಡೆಸೋದು) ನಾನು. ಆಟ ಒಂದು ಕಡೆ ಕಚ್ಚಿಕೊಂಡು ನಿಂತಿದೆ, ಭಾನುವಾರದೊಳಗೆ ಬಿಡಿಸಬೇಕು.

ನಕ್ಷೆ ಹೀಗಿದೆ. ನೆಲಮಾಳಿಗೆಯ ಸುರಂಗ ಒಂದು ಹಳೇ ಕಡಂಗದ, ಅಂದ್ರೆ ಕಂದಕದ, ಅಂಚಿಗೆ ಬಾಯಿ ತೆರೆಯುತ್ತೆ. ಕಡಂಗದ ಅಗಲ 60 ಅಡಿ, ಆಳ 40 ಅಡಿ. ಎರಡೂ ದಡ ಕೆಮ್ಮಣ್ಣು, ಮಳೆಗೆ ನೆಂದು ಜಾರುತ್ತೆ. ಆಚೆ ದಡದಲ್ಲಿ ಮೊದಲು ಗದ್ದೆ, ಗದ್ದೆ ಮೇಲೆ ಕಾಫಿ ತೋಟ, ತೋಟದ ಹಿಂದೆ 300 ಅಡಿ ದೂರದಲ್ಲಿ ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ). ಈಚೆ ದಡದಲ್ಲಿ ಸೆರೆಯಿಂದ ಬಿಡಿಸಿದ 14 ಜನ ಹಳ್ಳಿಯವರು. ಸುರಂಗದೊಳಗಿಂದ 4 ಓಗರ್, 1 ಹಿಲ್ ಜೈಂಟ್ (ಎರಡೂ ದೈತ್ಯ ಜಾತಿ) ಬರ್ತಾ ಇವೆ, ಇನ್ನೊಂದು ರೌಂಡಲ್ಲಿ (ಎಲ್ಲರ ಸರದಿಯೂ ಒಂದು ಸುತ್ತು ಮುಗಿಯೋದರಲ್ಲಿ) ಮೈಮೇಲೆ.

ವಿಝಾರ್ಡ್ ಆರ್ಕೇನ್ ಗೇಟ್ ಸ್ಪೆಲ್ (ಎರಡು ಜಾಗ ಜೋಡಿಸೋ ಮಾಯಾ ಬಾಗಿಲಿನ ಮಂತ್ರ) ಹಾಕ್ತೀನಿ ಅಂತಾನೆ. ಮೂರು ವಿಷಯಕ್ಕೆ ಟೇಬಲ್ಲಲ್ಲಿ ಜಗಳ. ಐನ್‌ಮನೆ ಅಂಗಳ ಮರಗಳ ಹಿಂದಿದೆ, ಇಲ್ಲಿಂದ ಕಾಣಲ್ಲ, ವಿಝಾರ್ಡ್ ತನ್ನ ಫೆಮಿಲಿಯರ್ (ಮಂತ್ರದಿಂದ ಕರೆದ ಜೊತೆಜೀವಿ) ಆದ ಗೂಬೆಯ ಕಣ್ಣಿಂದ ನೋಡಿ ಬಾಗಿಲು ತೆರೀಬಹುದಾ? ಜನ ದಾಟಿದ ಬಾಗಿಲಲ್ಲೇ ಓಗರ್‌ಗಳೂ ದಾಟಿಬಿಟ್ಟರೆ? ಬಾಗಿಲೊಳಗಿಂದ ಬಾಣ, ಫೈರ್‌ಬಾಲ್ (ಬೆಂಕಿಯುಂಡೆಯ ಸ್ಪೆಲ್) ಹೋಗುತ್ತಾ?

ದಾಳ20_ವಿರಾಜಪೇಟೆ
ಎರಡನೇದಕ್ಕೆ ಉತ್ತರ: ದಾಟುತ್ತವೆ. ಬಾಗಿಲಿಗೆ ನಮ್ಮವರು ಪರರು ಅಂತ ಇಲ್ಲ. ಯಾವ ಜೀವಿ, ಯಾವ ವಸ್ತು ಹೊಕ್ಕರೂ ಆ ಕಡೆಯಿಂದ ಹೊರಬರುತ್ತೆ.

ಏಲಕ್ಕಿ_ಎಲ್ಫ್
ಮೊದಲು ಸ್ಪೆಲ್ ಏನು ಮಾಡುತ್ತೆ ಅಂತ ಸರಿಯಾಗಿ ಹೇಳಿಬಿಡ್ತೀನಿ, ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

6ನೇ ಹಂತದ ಸ್ಪೆಲ್. ಸಾರ್ಸರರ್, ವಾರ್ಲಾಕ್, ವಿಝಾರ್ಡ್ ಮೂವರಿಗೂ ಸಿಗುತ್ತೆ. ಹಾಕೋಕೆ ಒಂದು ಆಕ್ಷನ್ (ಸರದಿಯ ಮುಖ್ಯ ಕೆಲಸ), ಮಾತು ಮತ್ತು ಕೈಸನ್ನೆ ಎರಡೂ ಬೇಕು, ಸಾಮಗ್ರಿ ಏನೂ ಬೇಡ. ಏಕಾಗ್ರತೆ ಇಟ್ಟರೆ 10 ನಿಮಿಷದವರೆಗೆ ಇರುತ್ತೆ. ರೌಂಡಿಗೆ 6 ಸೆಕೆಂಡು, ಅಂದ್ರೆ 100 ರೌಂಡು. ಕಣ್ಣಿಗೆ ಕಾಣೋ ಎರಡು ಜಾಗ ಆರಿಸಬೇಕು, ಎರಡೂ *ನೆಲದ ಮೇಲೆ*. ಒಂದು ನಿನ್ನಿಂದ 10 ಅಡಿಯೊಳಗೆ, ಇನ್ನೊಂದು 500 ಅಡಿಯೊಳಗೆ. ಎರಡೂ ಕಡೆ 10 ಅಡಿ ವ್ಯಾಸದ ಹೊಳೆಯೋ ಉಂಗುರ, ನೆಲದಿಂದ ಕೆಲವೇ ಇಂಚು ಮೇಲೆ, ನೆಲಕ್ಕೆ ನೇರವಾಗಿ ನಿಲ್ಲುತ್ತೆ. ಒಳಗೆ ಆಚೆ ಕಾಣದಷ್ಟು ದಟ್ಟ ಮಂಜು.

ಉಂಗುರಕ್ಕೆ *ಒಂದೇ ಮುಖ*. ಕಾಣೋದೂ ಆ ಮುಖದ ಕಡೆಯಿಂದ ಮಾತ್ರ, ಬಾಗಿಲಾಗಿ ಕೆಲಸ ಮಾಡೋದೂ ಆ ಕಡೆಯಿಂದ ಮಾತ್ರ. ಬೆನ್ನಿನ ಕಡೆಯಿಂದ ಬಂದವನಿಗೆ ಅಲ್ಲಿ ಏನೂ ಇಲ್ಲ, ಸುಮ್ಮನೆ ನಡೆದು ಹೋಗ್ತಾನೆ. ನಿನ್ನ ಸರದಿಯಲ್ಲಿ ಬೋನಸ್ ಆಕ್ಷನ್ (ಆಕ್ಷನ್ ಜೊತೆಗೆ ಸಿಗೋ ಚಿಕ್ಕ ಕೆಲಸ) ಕೊಟ್ಟರೆ ಉಂಗುರ ತಿರುಗಿಸಿ ಮುಖ ಬೇರೆ ದಿಕ್ಕಿಗೆ ಮಾಡಬಹುದು. ಈ ಸ್ಪೆಲ್‌ನ ಶಕ್ತಿ ಇರೋದು 500 ಅಡಿಯಲ್ಲಿ ಅಲ್ಲ, ಈ ಮುಖದಲ್ಲಿ.

ಗೋಣಿಕೊಪ್ಪ_ಗ್ನೋಮ್
10 ಅಡಿ ಅಂದ್ರೆ ಎಷ್ಟು ಅಂತ ಹೊಸಬರಿಗೆ ಅಂದಾಜು ಬೇಕಾದ್ರೆ, ರೊಬಸ್ಟಾ ತೋಟದಲ್ಲಿ ಗಿಡದಿಂದ ಗಿಡಕ್ಕೆ ಬಿಡೋ ಅಂತರ. ಆ ಎರಡು ಗಿಡದ ನಡುವೆ ನಿಲ್ಲೋ ಉಂಗುರ ಅಂದುಕೊಳ್ಳಿ.

ಮಂಜಿನ_ಮಂತ್ರಗಾರ
ಗೂಬೆ ಪ್ರಶ್ನೆಗೆ: 2014ರ ನಿಯಮದಲ್ಲಿ ಆಗಲ್ಲ. ಫೆಮಿಲಿಯರ್ ಕಣ್ಣಿಂದ ನೋಡೋದೇ ಒಂದು ಆಕ್ಷನ್, ಆರ್ಕೇನ್ ಗೇಟ್ ಇನ್ನೊಂದು ಆಕ್ಷನ್. ಈ ಸರದಿಯಲ್ಲಿ ನೋಡಿ ಮುಂದಿನ ಸರದಿಯಲ್ಲಿ ಹಾಕೋಣ ಅಂದ್ರೆ, ಆ ನೋಟ ಮುಂದಿನ ಸರದಿ *ಶುರುವಾಗುತ್ತಿದ್ದ ಹಾಗೇ* ಮುಗಿದುಹೋಗುತ್ತೆ. ಜೊತೆಗೆ ಗೂಬೆ 100 ಅಡಿಯೊಳಗೆ ಇರಬೇಕು. ವಿಝಾರ್ಡ್ ಎರಡು ಲೆವೆಲ್ ಫೈಟರ್ ತಗೊಂಡು ಆಕ್ಷನ್ ಸರ್ಜ್ (ಒಂದು ಹೆಚ್ಚುವರಿ ಆಕ್ಷನ್) ಇಟ್ಟುಕೊಂಡಿದ್ದರೆ ಆಗುತ್ತಿತ್ತು, ಆದರೆ ಆಗ 6ನೇ ಹಂತದ ಸ್ಪೆಲ್ ಇನ್ನೂ ಎರಡು ಲೆವೆಲ್ ದೂರ.

ಸೋಮವಾರಪೇಟೆ_ಸೊನ್ನೆ
2024ರ ನಿಯಮದಲ್ಲಿ ಗೂಬೆ ಕಣ್ಣು ಬೋನಸ್ ಆಕ್ಷನ್. ಅಲ್ಲಿ ಆಗುತ್ತೆ.

ಮಂಜಿನ_ಮಂತ್ರಗಾರ
ಹೌದು, ಆದರೆ ಅವರು 2014 ಅಂತ ಮೊದಲ ಸಾಲಲ್ಲೇ ಬರೆದಿದ್ದಾರೆ. ಎರಡನ್ನೂ ಕಲಸಬೇಡಿ.

ಕುಶಾಲನಗರ_ಕಳ್ಳ
ಕ್ಲೇರ್‌ವಾಯನ್ಸ್ (ದೂರದ ಜಾಗ ನೋಡೋ ಸ್ಪೆಲ್) ಹಾಕಿ ಅಂಗಳ ನೋಡಿಕೊಂಡು ಗೇಟ್ ಹಾಕಿ, ಮುಗೀತು.

ಏಲಕ್ಕಿ_ಎಲ್ಫ್
ಮುಗಿಯಲ್ಲ. ಕ್ಲೇರ್‌ವಾಯನ್ಸ್‌ಗೂ ಏಕಾಗ್ರತೆ ಬೇಕು, ಆರ್ಕೇನ್ ಐ ಅಂದ್ರೂ ಅದೇ, ಸ್ಕ್ರೈಯಿಂಗ್ ಅಂದ್ರೂ ಅದೇ. ಏಕಾಗ್ರತೆಯ ಇನ್ನೊಂದು ಸ್ಪೆಲ್ ಹಾಕಿದರೆ ಹಿಂದಿನದು ಹೋಗುತ್ತೆ. ನೋಡೋ ಕಣ್ಣೇ ಹೋದ ಮೇಲೆ ಬಾಗಿಲು ಎಲ್ಲಿಗೆ ಹಾಕ್ತೀರಿ?

ಕುಶಾಲನಗರ_ಕಳ್ಳ
ಸರಿ ಹಾಗಾದ್ರೆ ಫ್ಲೈ (ಹಾರೋ ಸ್ಪೆಲ್, ಅದಕ್ಕೂ ಏಕಾಗ್ರತೆ ಬೇಕು) ಹಾಕಿ 60 ಅಡಿ ಮೇಲಕ್ಕೆ ಹೋಗಲಿ. ಸಿಲ್ವರ್ ಓಕ್ ತುದಿಯಿಂದ ಅಂಗಳ ಕಾಣುತ್ತೆ. ಗೇಟ್ ಹಾಕಿದಾಗ ಫ್ಲೈ ಹೋಗಿ ಬೀಳ್ತಾನೆ, ಗೊತ್ತು, 60 ಅಡಿಗೆ 6ಡಿ6 (ಆರು ಮುಖದ ಆರು ದಾಳದ ಮೊತ್ತ) ಪೆಟ್ಟು. ಅದಕ್ಕೆ ಫೆದರ್ ಫಾಲ್ ಇದೆಯಲ್ಲ, ರಿಯಾಕ್ಷನ್ (ಬೀಳುವಾಗಲೇ ಥಟ್ಟನೆ ಹಾಕೋದು), ಏಕಾಗ್ರತೆ ಬೇಡ. ಮೆಲ್ಲಗೆ ಇಳೀತಾನೆ.

ದಾಳ20_ವಿರಾಜಪೇಟೆ
ಇದು ಚೆನ್ನಾಗಿದೆ! 6, 3, 1ನೇ ಹಂತದ ಒಂದೊಂದು ಸ್ಲಾಟ್ (ಆ ಹಂತದ ಸ್ಪೆಲ್ ಒಂದು ಸಲ ಹಾಕೋ ಅವಕಾಶ) ಖರ್ಚು, ಆದರೂ ಕೆಲಸ ಆಗುತ್ತೆ.

ನಾಪೋಕ್ಲು_ನೆರಳು
ಆಗಲ್ಲ, ಮಾರಾಯ್ರೆ. ಎಲ್ಲರೂ ಒಂದು ಸಾಲು ಮರೆತಿರಿ. ಹತ್ತಿರದ ಉಂಗುರ ವಿಝಾರ್ಡ್‌ನಿಂದ *10 ಅಡಿಯೊಳಗಿನ ನೆಲದ ಮೇಲೆ* ನಿಲ್ಲಬೇಕು. 60 ಅಡಿ ಮೇಲೆ ಹಾರ್ತಾ ಇರೋನಿಗೆ 10 ಅಡಿಯೊಳಗೆ ನೆಲ ಎಲ್ಲಿದೆ? ಮರ ಹತ್ತಿದರೂ ಇದೇ ಕಥೆ, 10 ಅಡಿ ದಾಟಿದ ಕೊಂಬೆ ಮೇಲೆ ಕೂತರೆ ಸ್ಪೆಲ್ ಹಾಕೋಕೇ ಬರಲ್ಲ. ಮಿಸ್ಟಿ ಸ್ಟೆಪ್‌ನಲ್ಲಿ (ಥಟ್ಟನೆ ಜಾಗ ಬದಲಿಸೋ ಬೋನಸ್ ಆಕ್ಷನ್ ಸ್ಪೆಲ್) ಕೊಂಬೆಗೆ ಹಾರಿದರಂತೂ ಎರಡು ತಪ್ಪು. ಬೋನಸ್ ಆಕ್ಷನ್‌ನಲ್ಲಿ ಸ್ಪೆಲ್ ಹಾಕಿದ ಸರದಿಯಲ್ಲಿ ಆಕ್ಷನ್‌ಗೆ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸಣ್ಣ ಸ್ಪೆಲ್) ಮಾತ್ರ.

ಕುಶಾಲನಗರ_ಕಳ್ಳ
ಒಪ್ಪಿದೆ. ನೆಲದ ಸಾಲು ತಪ್ಪಿಹೋಗಿತ್ತು.

ಕಿತ್ತಳೆ_ತೋಟ
ಐನ್‌ಮನೆ ಅಂಗಳಕ್ಕೇ ಬಾಗಿಲು ತೆರೀಬೇಕು ಅಂತ ಯಾರು ಹೇಳಿದ್ದು? ಮರ ಇರೋದು ತೋಟದಲ್ಲಿ. ಗದ್ದೆ ಬಯಲು. ಈಚೆ ದಡದಲ್ಲಿ ನಿಂತರೆ ಆಚೆ ದಡದ ಅಂಚು, ಗದ್ದೆಯ ಬದು ಎಲ್ಲ ಕಣ್ಣಿಗೆ ಬೀಳುತ್ತೆ. ಬಾಗಿಲು ಅಲ್ಲಿಗೆ. ಅಲ್ಲಿಂದ ಓಣಿ ಹಿಡಿದು ಮೇಲೆ ಓಡಲಿ. ದಾಟಬೇಕಾಗಿದ್ದು ಕಡಂಗವನ್ನು, ತೋಟವನ್ನಲ್ಲ.

ಕಡಂಗ_ಕಾವಲು
ಇದು ಯಾರಿಗೂ ಹೊಳೆದಿರಲಿಲ್ಲ. ಅಂಗಳ ಅಂಗಳ ಅಂತ ಅದಕ್ಕೇ ಜೋತುಬಿದ್ದಿದ್ದರು. ಆದರೆ ನಕ್ಷೆಯಲ್ಲಿ ಹೊತ್ತು ಮುಳುಗಿ ಕತ್ತಲಾಗಿದೆ, ವಿಝಾರ್ಡ್ ಮನುಷ್ಯ, ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣೋ ಶಕ್ತಿ) ಇಲ್ಲ. ಆಚೆ ದಡ ಕಾಣುತ್ತೆ ಅಂತ ಹೇಗೆ ಹೇಳಲಿ?

ನಾಪೋಕ್ಲು_ನೆರಳು
ಡಾರ್ಕ್‌ವಿಷನ್ ಇದ್ದರೂ ಸಾಮಾನ್ಯವಾಗಿ 60 ಅಡಿ, ಅಂಚಿಗೆ ಅಂಚು. ಅದನ್ನು ನಂಬಬೇಡಿ. ಕ್ಲೆರಿಕ್ ಒಂದು ಬಾಣದ ಮೇಲೆ ಲೈಟ್ ಕ್ಯಾಂಟ್ರಿಪ್ ಹಾಕಲಿ, ಫೈಟರ್ ಅದನ್ನು ಲಾಂಗ್‌ಬೋನಲ್ಲಿ ಆಚೆ ಬದುವಿಗೆ ನೆಡಲಿ. ಲಾಂಗ್‌ಬೋ 150 ಅಡಿವರೆಗೆ ತೊಂದರೆ ಇಲ್ಲದೆ ಹೊಡೆಯುತ್ತೆ, 600ರವರೆಗೆ ಡಿಸ್ಅಡ್ವಾಂಟೇಜಲ್ಲಿ (ದಾಳ ಎರಡು ಸಲ ಹಾಕಿ ಚಿಕ್ಕದೇ ಲೆಕ್ಕ; ಅಡ್ವಾಂಟೇಜ್ ಅಂದ್ರೆ ದೊಡ್ಡದು). ಬಾಣದ ಸುತ್ತ 20 ಅಡಿ ಪ್ರಖರ ಬೆಳಕು, ಅದರಾಚೆ 20 ಅಡಿ ಮಂದ ಬೆಳಕು, ಒಂದು ಗಂಟೆ ಉಳಿಯುತ್ತೆ. ಉಂಗುರ ನಿಲ್ಲಿಸೋ ಜಾಗ ಕಾಣೋಕೆ ಧಾರಾಳ.

ಏಲಕ್ಕಿ_ಎಲ್ಫ್
ಬೆಳಕು ಇನ್ನೊಂದು ಕಾರಣಕ್ಕೂ ಬೇಕು. ಉಂಗುರ ತೆರೆಯೋ ಜಾಗದಲ್ಲಿ ಯಾವುದೇ ಜೀವಿ ಇದ್ದರೆ ಸ್ಪೆಲ್ ಕೆಡುತ್ತೆ, ಸ್ಲಾಟೂ ಹೋಗುತ್ತೆ. 11ನೇ ಲೆವೆಲ್ಲಲ್ಲಿ 6ನೇ ಸ್ಲಾಟ್ ಒಂದೇ. ಎರಡನೇದು ಸಿಗೋದು 19ನೇ ಲೆವೆಲ್ಲಿಗೆ. ಬದುವಿನ ಹಿಂದೆ ಅಡಗಿರೋ ಗಾಬ್ಲಿನ್ ಸಾಕು, ಅಥವಾ ಅಲ್ಲೇ ಬಂದು ಕೂತ ನಿಮ್ಮದೇ ಗೂಬೆ. ಗೂಬೆಯನ್ನು ಮೊದಲು ಆಚೆಗೆ ಕಳಿಸಿ ಜಾಗ ಖಾಲಿ ಅಂತ ಖಾತ್ರಿ ಮಾಡಿ, ಆಮೇಲೆ ಹಿಂದಕ್ಕೆ ಕರೀರಿ.

ಸೋಮವಾರಪೇಟೆ_ಸೊನ್ನೆ
ಡೈಮೆನ್ಶನ್ ಡೋರ್ ಅಗ್ಗ ಅಲ್ವಾ? 4ನೇ ಹಂತ, 500 ಅಡಿ, ಕಾಣದಿದ್ದರೂ ನಡೆಯುತ್ತೆ.

ದಾಳ20_ವಿರಾಜಪೇಟೆ
ಒಂದು ಸಲಕ್ಕೆ ಒಬ್ಬನೇ ಜೊತೆಗಾರ. ಹಳ್ಳಿಯವರು 14 ಜನ, ಲೆಕ್ಕ ಹಾಕಿ. ಕಾಣದ ಜಾಗಕ್ಕೆ ಹಾರಿ ಅಲ್ಲಿ ಮರವೋ ಗೋಡೆಯೋ ಇದ್ದರೆ ಇಬ್ಬರಿಗೂ ತಲಾ 4ಡಿ6 ಪೆಟ್ಟು, ಹೋಗೋದೂ ಇಲ್ಲ.

ಗೋಣಿಕೊಪ್ಪ_ಗ್ನೋಮ್
ಟೆಲಿಪೋರ್ಟೇಶನ್ ಸರ್ಕಲ್?

ದಾಳ20_ವಿರಾಜಪೇಟೆ
ಹಾಕೋಕೆ ಒಂದು ನಿಮಿಷ, ಅಂದ್ರೆ 10 ರೌಂಡು. ಓಗರ್ ಒಂದು ರೌಂಡಿನ ದೂರದಲ್ಲಿದೆ. 50 ಚಿನ್ನದ ನಾಣ್ಯ ಬೆಲೆಯ ಸೀಮೆಸುಣ್ಣ, ಶಾಯಿ ಪ್ರತಿ ಸಲ ಖರ್ಚಾಗುತ್ತೆ. ಆ ಕಡೆ ಮೊದಲೇ ಶಾಶ್ವತ ವೃತ್ತ ಇರಬೇಕು, ಅದರ ಗುರುತಿನ ಸಾಲು ಗೊತ್ತಿರಬೇಕು. ಐನ್‌ಮನೆಯಲ್ಲೇ ಒಂದು ಶಾಶ್ವತ ವೃತ್ತ ಬೇಕು ಅಂದ್ರೆ ವರ್ಷವಿಡೀ ದಿನಾ ಅದೇ ಜಾಗದಲ್ಲಿ ಹಾಕಬೇಕು: 365 × 50 = 18,250 ನಾಣ್ಯ. ಅದು ಬೇರೆ ಅಭಿಯಾನಕ್ಕೆ ಒಳ್ಳೇ ಗುರಿ, ಈ ರಾತ್ರಿಗಲ್ಲ.

ಕಿತ್ತಳೆ_ತೋಟ
ಈಗ ಮುಖದ ವಿಷಯಕ್ಕೆ ಬರ್ತೀನಿ, ಎಲ್ಫ್ ಹೇಳಿದ್ದೇ ಸರಿ, ಆಟ ಇರೋದು ಅಲ್ಲೇ.

ಈಚೆ ಉಂಗುರವನ್ನು ಸುರಂಗಕ್ಕೂ ಕಡಂಗಕ್ಕೂ ನಡುವೆ ನಿಲ್ಲಿಸಿ. ಮುಖ ಕಡಂಗದ ಕಡೆಗೆ, *ಬೆನ್ನು ಸುರಂಗದ ಕಡೆಗೆ*. ಹಳ್ಳಿಯವರು ಉಂಗುರಕ್ಕೂ ಕಡಂಗದ ಅಂಚಿಗೂ ಮಧ್ಯೆ ನಿಂತಿರ್ತಾರೆ. ಸುರಂಗದಿಂದ ನುಗ್ಗೋ ಓಗರ್‌ಗೆ ಉಂಗುರ ಕಾಣೋದೇ ಇಲ್ಲ. ಜನ ಒಬ್ಬೊಬ್ಬರಾಗಿ ಮಾಯ ಆಗೋದು ಕಾಣುತ್ತೆ, ಎಲ್ಲಿಗೆ ಅಂತ ಗೊತ್ತಾಗಲ್ಲ. ನೇರ ಓಡಿಬಂದರೆ ಬೆನ್ನಿನ ಕಡೆಯಿಂದ ಹಾದು ಕಡಂಗದ ಅಂಚಿಗೆ ಬಂದು ನಿಲ್ಲುತ್ತೆ. ದಾಟಬೇಕು ಅಂದ್ರೆ ಹಿಂದೆ ತಿರುಗಿ ಮುಖದ ಕಡೆಯಿಂದ ಹೊಗಬೇಕು. ಓಗರ್‌ನ ಬುದ್ಧಿ 5, ಹಿಲ್ ಜೈಂಟ್‌ನದೂ 5. ಮೊದಲ ರೌಂಡಲ್ಲೇ ಹೊಳೆಯುತ್ತೆ ಅನ್ನೋದು ನ್ಯಾಯ ಅಲ್ಲ.

ಮಂಜಿನ_ಮಂತ್ರಗಾರ
ಒಂದು ರೌಂಡಲ್ಲಿ 14 ಜನ ದಾಟ್ತಾರಾ ಅನ್ನೋದನ್ನೂ ಅಳೆದು ನೋಡಿ. 10 ಅಡಿ ಉಂಗುರದಲ್ಲಿ ಇಬ್ಬರು ಅಕ್ಕಪಕ್ಕ ಹೋಗಬಹುದು. ಇಬ್ಬಿಬ್ಬರ ಸಾಲು ಮಾಡಿದರೆ 7 ಸಾಲು, ಕೊನೇ ಸಾಲಿನವರು ಆಚೆಗೆ ಕಾಲಿಡೋಕೆ 35 ಅಡಿ ನಡೀಬೇಕು. ಡ್ಯಾಶ್ ಮಾಡಿದರೆ (ಆಕ್ಷನ್ ಕೊಟ್ಟು ಎರಡರಷ್ಟು ದೂರ ಓಡಿದರೆ) 60 ಅಡಿ ಇದೆ, ಸಾಕು ಅನ್ನಿಸುತ್ತೆ. ಆದರೆ ಕೆಸರನ್ನು ಡಿಎಂ ಡಿಫಿಕಲ್ಟ್ ಟೆರೇನ್ ಅಂದುಬಿಟ್ಟರೆ 60 ಅಡಿ 30 ಆಗುತ್ತೆ, ಕೊನೇ ಸಾಲಿನ ಇಬ್ಬರು ಓಗರ್ ಕೈಗೆ ಸಿಕ್ತಾರೆ.

ಕಿತ್ತಳೆ_ತೋಟ
ಅದಕ್ಕೇ ಸಾಲು ಬೇಡ, ಗುಂಪು ಮಾಡಿ. 4 ಚೌಕ ಅಗಲ, 4 ಚೌಕ ಉದ್ದ. 16 ಜನರ ಜಾಗ ಅದು. ಕಟ್ಟಕಡೆಯವನಿಗೂ 20 ಅಡಿ, ಕೆಸರಲ್ಲಿ 40 ಅಡಿ ಖರ್ಚು. ಎಲ್ಲರೂ ದಾಟ್ತಾರೆ. ಮುಂದಿನವರು ಮೊದಲು ಹೋಗಿ ಆಚೆ ಕಡೆ ನಿಲ್ಲದೆ ಮುಂದೆ ಸರಿಯಬೇಕು, ಇಲ್ಲದಿದ್ದರೆ ಹಿಂದಿನವರಿಗೆ ಕಾಲಿಡೋಕೆ ಜಾಗ ಇರಲ್ಲ. ಹಳ್ಳಿಯವರಿಗೆಲ್ಲ ಒಂದೇ ಇನಿಶಿಯೇಟಿವ್ (ಸರದಿಯ ಕ್ರಮ) ಕೊಡಿ, ವಿಝಾರ್ಡ್‌ನ ಸರದಿ ಆದ ಕೂಡಲೇ.

ಕಡಂಗ_ಕಾವಲು
ಕೆಸರು ಡಿಫಿಕಲ್ಟ್ ಟೆರೇನೇ. ಅದರಲ್ಲಿ ರಿಯಾಯಿತಿ ಇಲ್ಲ.

ಏಕಾಗ್ರತೆ ಮುರಿದಾಗ ಒಬ್ಬ ಅರ್ಧ ಈ ಕಡೆ ಅರ್ಧ ಆ ಕಡೆ ಇದ್ದರೆ? ರೋಗ್ ಆಡೋರು ಓಗರ್‌ನ ಕುತ್ತಿಗೆ ಕತ್ತರಿಸೋಣ ಅಂತಿದ್ದಾರೆ.

ಏಲಕ್ಕಿ_ಎಲ್ಫ್
ನಿಯಮದಲ್ಲಿ ಕತ್ತರಿಸೋದು ಇಲ್ಲ. ಜೀವಿ ಯಾವಾಗಲೂ ಒಂದು ಚೌಕದಲ್ಲಿ ಇರುತ್ತೆ, ಈಚೆ ಚೌಕ ಇಲ್ಲಾ ಆಚೆ ಚೌಕ. ಬಾಗಿಲು ಮುಚ್ಚಿದರೆ ಇದ್ದ ಕಡೆಯೇ ಉಳಿಯುತ್ತೆ. ಕತ್ತರಿಸೋಕೆ ಒಮ್ಮೆ ಬಿಟ್ಟರೆ ನಾಳೆ ವೈರಿ ವಿಝಾರ್ಡ್ ಅದನ್ನೇ ನಿಮ್ಮ ಕ್ಲೆರಿಕ್ ಮೇಲೆ ಮಾಡ್ತಾನೆ. ಬಿಡಬೇಡಿ.

ಉಪಯೋಗಕ್ಕೆ ಬರೋ ಸಂಗತಿ ಇನ್ನೊಂದಿದೆ: ಏಕಾಗ್ರತೆಯನ್ನು ಯಾವಾಗ ಬೇಕಾದರೂ ಬಿಡಬಹುದು, ಆಕ್ಷನ್ ಬೇಡ. ಓಗರ್‌ನ ಸರದಿಯಲ್ಲಿ, ಅದು ಉಂಗುರದ ಎದುರಿಗೆ ಬಂದಾಗಲೂ ಬಿಡಬಹುದು. ತಿರುಗಿಸೋದು ಮಾತ್ರ ನಿಮ್ಮ ಸರದಿಯಲ್ಲೇ.

ಮಂಜಿನ_ಮಂತ್ರಗಾರ
ವಿಝಾರ್ಡ್‌ಗೆ ಪೆಟ್ಟು ಬಿದ್ದರೆ ಏನಾಗುತ್ತೆ ಅಂತ ಯಾರೂ ಕೇಳಲಿಲ್ಲ. ಪೆಟ್ಟಿನ ಅರ್ಧ ಅಥವಾ 10, ಯಾವುದು ಹೆಚ್ಚೋ ಅದು ಡಿಸಿ, ಅಂದ್ರೆ ಏಕಾಗ್ರತೆ ಉಳಿಯೋಕೆ ದಾಳದಲ್ಲಿ ಮುಟ್ಟಬೇಕಾದ ಅಂಕ. ಓಗರ್‌ನ ದೊಣ್ಣೆ ಸರಾಸರಿ 13, ಜೈಂಟ್ ಎಸೆಯೋ ಬಂಡೆ ಸರಾಸರಿ 21, ಎರಡಕ್ಕೂ ಡಿಸಿ 10. ಕಾನ್ಸ್ಟಿಟ್ಯೂಶನ್ (ತಾಳಿಕೆಯ ಅಂಕ) 14 ಇರೋ ಸಾದಾ ವಿಝಾರ್ಡ್‌ಗೆ ಪ್ರತಿ ಸಲ ಉಳಿಯೋ ಸಾಧ್ಯತೆ 65%. ಮೂರು ಪೆಟ್ಟು ಅಂದ್ರೆ ಮೂರು ಬೇರೆ ಬೇರೆ ದಾಳ, ಮೂರರಲ್ಲೂ ಉಳಿಯೋದು 27% ಮಾತ್ರ. ವಾರ್ ಕಾಸ್ಟರ್ (ಇದೂ ರೆಸಿಲಿಯಂಟೂ ಪಾತ್ರ ಆರಿಸಿಕೊಳ್ಳೋ ವಿಶೇಷ ಸಾಮರ್ಥ್ಯ) ಇದ್ದರೆ 88%, ಮೂರಕ್ಕೆ 68%. ರೆಸಿಲಿಯಂಟ್ ಇದ್ದರೆ 85%, ಮೂರಕ್ಕೆ 61%. ಎರಡೂ ಇದ್ದರೆ ಮೂರಕ್ಕೆ 93%. ನಿಮ್ಮ ವಿಝಾರ್ಡ್ ಹತ್ತಿರ ಏನಿದೆ?

ಕಡಂಗ_ಕಾವಲು
ವಾರ್ ಕಾಸ್ಟರ್. ಕಾನ್ಸ್ಟಿಟ್ಯೂಶನ್ 14.

ದಾಳ20_ವಿರಾಜಪೇಟೆ
ಹಾಗಾದ್ರೆ ಫೈಟರ್ ಸುರಂಗದ ಬಾಯಲ್ಲಿ ನಿಲ್ಲಲಿ. ಒಂದೇ ರೌಂಡ್ ತಡೆದರೆ ಸಾಕು.

ಕುಶಾಲನಗರ_ಕಳ್ಳ
ಆಚೆ ಉಂಗುರವನ್ನು ನೆಲದ ಮೇಲೆ ಮಲಗಿಸಿ ಕಡಂಗದ ಮೇಲೆ ತೇಲಿಸಿದರೆ ಓಗರ್ ನೇರ ಕೆಳಕ್ಕೆ ಬೀಳುತ್ತೆ ಅಲ್ವಾ?

ನಾಪೋಕ್ಲು_ನೆರಳು
ಮಲಗಿಸೋಕೆ ಬರಲ್ಲ, ತೇಲಿಸೋಕೂ ಬರಲ್ಲ. ನೆಲದ ಮೇಲಿನ ಬಿಂದು, ನೆಲಕ್ಕೆ ನೇರ. ನಮ್ಮ ಇಳಿಜಾರಿನಲ್ಲಿ ನೆಲವೇ ವಾಲಿದ್ದರೆ ಉಂಗುರವೂ ಅಷ್ಟೇ ವಾಲುತ್ತೆ, ಅಷ್ಟು ಮಾತ್ರ.

ಆದರೆ ನಿಮ್ಮ ಆಸೆಗೆ ಕಾನೂನಾದ ದಾರಿ ಇದೆ. ಆಚೆ ದಡದ *ತೀರಾ ಅಂಚಿನಲ್ಲಿ* ಉಂಗುರ ನಿಲ್ಲಿಸಿ. ಮೊದಲು ಮುಖ ಗದ್ದೆ ಕಡೆಗೆ, ಜನ ಗದ್ದೆಗೆ ಇಳೀತಾರೆ. ಎರಡನೇ ರೌಂಡಲ್ಲಿ ವಿಝಾರ್ಡ್ ತಾನೂ ಬಾಗಿಲು ದಾಟಿ ಆಚೆ ಬರಲಿ, ಬಂದ ಮೇಲೆ ಬೋನಸ್ ಆಕ್ಷನ್‌ನಲ್ಲಿ ಎರಡೂ ಉಂಗುರ ತಿರುಗಿಸಲಿ. ಈಚೆಯದರ ಮುಖ ಸುರಂಗದ ಕಡೆಗೆ, ಆಚೆಯದರ ಮುಖ ಕಡಂಗದ ಕಡೆಗೆ. ಓಗರ್ ಹೊಕ್ಕರೆ ಮಂಜಿನಿಂದ ಹೊರಗೆ ಇಡೋ ಮೊದಲ ಹೆಜ್ಜೆಗೇ ನೆಲ ಇರಲ್ಲ. 40 ಅಡಿಗೆ 4ಡಿ6, ಸರಾಸರಿ 14. ಓಗರ್‌ಗೆ 59 ಹಿಟ್ ಪಾಯಿಂಟ್, ಸಾಯಲ್ಲ. ಆದರೆ ಬಿದ್ದದ್ದು ಮಲಗಿದ ಸ್ಥಿತಿಯಲ್ಲಿರುತ್ತೆ, ಏಳೋಕೆ ಅರ್ಧ ವೇಗ ಹೋಗುತ್ತೆ, ಹತ್ತೋಕೆ ಪ್ರತಿ ಅಡಿಗೆ ಎರಡು ಅಡಿ ಖರ್ಚು. ಜಾರೋ ಕೆಮ್ಮಣ್ಣಿಗೆ ಅಥ್ಲೆಟಿಕ್ಸ್ ದಾಳ ಕೇಳೋ ಹಕ್ಕು ಡಿಎಂಗಿದೆ. ಎರಡು ರೌಂಡಾದರೂ ಸಿಗುತ್ತೆ.

ಸೋಮವಾರಪೇಟೆ_ಸೊನ್ನೆ
ಬೋನಸ್ ಆಕ್ಷನ್ ಬಳಸಿದ ಸರದಿಯಲ್ಲಿ ಕ್ಯಾಂಟ್ರಿಪ್ ಮಾತ್ರ ಅಂತ ನೀವೇ ಮೇಲೆ ಹೇಳಿದಿರಿ.

ನಾಪೋಕ್ಲು_ನೆರಳು
ಬೋನಸ್ ಆಕ್ಷನ್‌ನಲ್ಲಿ *ಸ್ಪೆಲ್ ಹಾಕಿದರೆ* ಮಾತ್ರ ಆ ನಿಯಮ. ಉಂಗುರ ತಿರುಗಿಸೋದು ಸ್ಪೆಲ್ ಹಾಕೋದಲ್ಲ, ಹಾಕಿದ ಸ್ಪೆಲ್ ನಡೆಸೋದು. ಅದೇ ಸರದಿಯ ಆಕ್ಷನ್‌ನಲ್ಲಿ ಫೈರ್‌ಬಾಲ್ ಧಾರಾಳವಾಗಿ ಹಾಕಬಹುದು, 60 ಅಡಿ ಕಡಂಗದ ಆಚೆ ದಡದಿಂದ ಈಚೆ ದಡಕ್ಕೆ.

ಗೋಣಿಕೊಪ್ಪ_ಗ್ನೋಮ್
ಬಾಗಿಲೊಳಗಿಂದ ಫೈರ್‌ಬಾಲ್? ಮೂರನೇ ಪ್ರಶ್ನೆ ಹಾಗೇ ಉಳೀತಲ್ಲ.

ಏಲಕ್ಕಿ_ಎಲ್ಫ್
ಬರೆದಿರೋದು "ಜೀವಿ ಅಥವಾ ವಸ್ತು" ಅಂತ. ಬಾಣ ವಸ್ತು, ಹೋಗುತ್ತೆ. ಬೆಂಕಿ ಜೀವಿಯೂ ಅಲ್ಲ, ವಸ್ತುವೂ ಅಲ್ಲ. ಹೋಗಲ್ಲ.

ದಾಳ20_ವಿರಾಜಪೇಟೆ
ಒಪ್ಪಲ್ಲ. ಎರಡೂ ಬಾಗಿಲು ಒಂದಕ್ಕೊಂದು ತಾಗಿಕೊಂಡಿದ್ದ ಹಾಗೆ ಅಂತಲೂ ಬರೆದಿದೆ. ತಾಗಿಕೊಂಡಿರೋ ಎರಡು ಕೋಣೆ ನಡುವೆ ತೆರೆದ ಬಾಗಿಲಿದ್ದರೆ ಬೆಂಕಿ ಹೋಗಲ್ವಾ? ಫೈರ್‌ಬಾಲ್ ಮೂಲೆ ಸುತ್ತಿಕೊಂಡೂ ಹರಡುತ್ತೆ.

ಏಲಕ್ಕಿ_ಎಲ್ಫ್
"ಹಾಗೆ" ಅನ್ನೋದು ಹೊಕ್ಕ ಜೀವಿ, ವಸ್ತು ಹೇಗೆ ಹೊರಬರುತ್ತೆ ಅನ್ನೋದಕ್ಕೆ ಹೇಳಿದ್ದು. ಉಳಿದದ್ದಕ್ಕೆಲ್ಲ ಅದನ್ನು ಎಳೀಬೇಡಿ. ಬೆಳಕೇ ಹೋಗಲ್ಲ, ಮಂಜು ನೋಟವನ್ನು ತಡೆಯುತ್ತೆ ಅಂತ ಸ್ಪಷ್ಟವಾಗಿದೆ.

ದಾಳ20_ವಿರಾಜಪೇಟೆ
ಮಂಜು ನೋಟ ತಡೆಯುತ್ತೆ, ಸರಿ. ಫೈರ್‌ಬಾಲ್‌ಗೆ ಕಾಣೋ ಬಿಂದು ಬೇಕು ಅಂತ ಎಲ್ಲೂ ಇಲ್ಲ, ಅಡ್ಡಿ ಇಲ್ಲದ ದಾರಿ ಬೇಕು ಅಷ್ಟೇ. ಮಂಜು ಗೋಡೆ ಅಲ್ಲ.

ಮಂಜಿನ_ಮಂತ್ರಗಾರ
ಇದು ನಿಜವಾಗಿ ಎರಡು ಕಡೆಗೂ ಓದಬಹುದಾದ ಸಾಲು. ಡಿಎಂ ಆಟಕ್ಕೆ ಮೊದಲೇ ಒಂದು ಕಡೆ ನಿಂತುಬಿಡಬೇಕು, ಆಟದ ಮಧ್ಯೆ ಅಲ್ಲ. ಬಾಣದ ವಿಷಯದಲ್ಲಿ ಮಾತ್ರ ಗೊಂದಲ ಇಲ್ಲ: ಹೋಗುತ್ತೆ, ಗುರಿ ಕಾಣದ್ದರಿಂದ ಡಿಸ್ಅಡ್ವಾಂಟೇಜ್. ವಿಝಾರ್ಡ್ ಉಂಗುರದ ಬೆನ್ನಿಗೆ ನಿಂತು ಮುಖವನ್ನು ವೈರಿಗೆ ತಿರುಗಿಸಿದರೆ, ಅವನಿಗೆ ಉಂಗುರವೇ ಕಾಣಲ್ಲ, ವೈರಿ ಮಾತ್ರ ಕಾಣ್ತಾನೆ. ವೈರಿಗೆ ಬರೀ ಮಂಜು. ವೈರಿ ಎಸೆದ ಜ್ಯಾವೆಲಿನ್ ಆಚೆ ಬಾಗಿಲಿಂದ ಹೋಗಿ ಬೀಳುತ್ತೆ, ವಿಝಾರ್ಡ್ ಕಡೆಯ ಬಾಣ ಬೆನ್ನಿನಿಂದ ಹಾದು ನೇರ ತಾಗುತ್ತೆ. ಗುರಾಣಿಯಾಗಿ ಇದಕ್ಕಿಂತ ಬೇಕಾ?

ಏಲಕ್ಕಿ_ಎಲ್ಫ್
ಇದನ್ನು ಒಪ್ತೀನಿ. ಬೆಂಕಿ ವಿಷಯದಲ್ಲಿ ಅಲ್ಲ.

ಗೋಣಿಕೊಪ್ಪ_ಗ್ನೋಮ್
ಕಂಪ್ಯೂಟರಲ್ಲಿ ಆಡೋರಿಗೆ: ಡಂಜನ್ ಕ್ರಾಲ್ ಸ್ಟೋನ್ ಸೂಪ್‌ನಲ್ಲೂ ಹೀಗೇ ಎರಡು ಬಾಯಿಯ ಸ್ಪೆಲ್ ಇದೆ, ಪ್ಯಾಸೇಜ್ ಆಫ್ ಗೊಲುಬ್ರಿಯಾ. ಅಲ್ಲೂ ರಾಕ್ಷಸರು ಹಿಂದೆಯೇ ಹೊಕ್ಕು ಬರ್ತಾವೆ.

ಸೋಮವಾರಪೇಟೆ_ಸೊನ್ನೆ
ಆನೆ ದಾಟುತ್ತಾ? ಡ್ರೂಯಿಡ್ (ಪ್ರಾಣಿಯ ರೂಪ ತಾಳೋ ಪಾತ್ರ) ಇರೋ ಟೇಬಲ್ಲಲ್ಲಿ ಬೇಕಾಗುತ್ತೆ.

ಮಂಜಿನ_ಮಂತ್ರಗಾರ
ಆನೆ ಹ್ಯೂಜ್ ಗಾತ್ರ, 15 ಅಡಿ ಚೌಕ. ಹಿಲ್ ಜೈಂಟೂ ಅಷ್ಟೇ. 2014ರ ನಿಯಮದಲ್ಲಿ ಒಂದು ಗಾತ್ರ ಚಿಕ್ಕ ಜಾಗದಲ್ಲಿ ಮೈ ಹಿಂಡಿಕೊಂಡು ಹೋಗಬಹುದು, 10 ಅಡಿ ಉಂಗುರ ಅದಕ್ಕೆ ಸಾಕು. ಪ್ರತಿ ಅಡಿಗೆ ಒಂದು ಅಡಿ ಹೆಚ್ಚು ಖರ್ಚು, ಹಿಂಡಿಕೊಂಡಿರೋವಾಗ ಅದರ ದಾಳಿಗೆ ಡಿಸ್ಅಡ್ವಾಂಟೇಜ್, ಅದರ ಮೇಲಿನ ದಾಳಿಗೆ ಅಡ್ವಾಂಟೇಜ್. ಓಗರ್ ಲಾರ್ಜ್, ಆರಾಮಾಗಿ ಹೋಗುತ್ತೆ.

ಡಿಎಂ ಗಮನಕ್ಕೆ: ಜೈಂಟ್ ಹೊಗದೆ ಈಚೆ ದಡದಲ್ಲೇ ನಿಂತು ಬಂಡೆ ಎಸೆದರೆ 60 ಅಡಿವರೆಗೆ ಪೂರ್ತಿ ಗುರಿ, 240ರವರೆಗೆ ಡಿಸ್ಅಡ್ವಾಂಟೇಜಲ್ಲಿ. ವಿಝಾರ್ಡ್ ಆಚೆ ಅಂಚಿನಲ್ಲಿ ನಿಲ್ಲದೆ ಬದುವಿನ ಹಿಂದೆ ಮಲಗಬೇಕು.

ಕುಶಾಲನಗರ_ಕಳ್ಳ
ಕಡಂಗ ಅಂದ್ರೆ ಆನೆ ಬರದ ಹಾಗೆ ಅರಣ್ಯ ಇಲಾಖೆ ತೋಡೋ ಕಂದಕ ತಾನೆ?

ಕಿತ್ತಳೆ_ತೋಟ
ಅಲ್ಲ, ಅದು ಬೇರೆ. ಕಡಂಗ ಹಳೇ ಕಾಲದ ಯುದ್ಧದ ಕಂದಕ. ಮಣ್ಣು ತೋಡಿ ಪಕ್ಕಕ್ಕೇ ದಿಣ್ಣೆ ಏರಿಸಿದ್ದು. ಕಾಡೊಳಗೆ, ತೋಟದೊಳಗೆ ಗುಡ್ಡ ಹತ್ತಿ ಇಳಿದು ಹೋಗುತ್ತೆ. ವಿರಾಜಪೇಟೆ ಕಡೆ ಕಡಂಗ ಅಂತ ಊರೇ ಇದೆ. ದಿಣ್ಣೆ ಇರೋದನ್ನು ನಕ್ಷೆಯಲ್ಲಿ ಹಾಕಿ, ಅದು ಒಳ್ಳೇ ಮರೆ.

ಕಡಂಗ_ಕಾವಲು
ದಿಣ್ಣೆ ಆಚೆ ದಡದಲ್ಲಿ ಹಾಕ್ತೀನಿ. ಉಂಗುರ ದಿಣ್ಣೆಯ ಮುಂದಿನ ಅಂಚಿಗೆ.

ಇನ್ನೊಂದು ಸಣ್ಣ ವಿಷಯ: ಟೇಬಲ್ ಮೇಲೆ ಉಂಗುರ ತೋರಿಸೋಕೆ ಏನು ಬಳಸ್ತೀರಿ? ಕಾಗದದ ವೃತ್ತ ಇಟ್ಟರೆ ಮುಖ ಯಾವುದು ಅಂತ ಪ್ರತಿ ಸಲ ಗಲಾಟೆ.

ಗೋಣಿಕೊಪ್ಪ_ಗ್ನೋಮ್
ಬಳೆ! ಒಂದು ಇಂಚಿಗೆ 5 ಅಡಿ ಅಂದ್ರೆ 10 ಅಡಿ ಉಂಗುರ 2 ಇಂಚು. ಬಳೆ ಅಂಗಡಿಯಲ್ಲಿ 2-0 ಅಳತೆ ಕೇಳಿ, ಒಳವ್ಯಾಸ ಸರಿಯಾಗಿ 2 ಇಂಚು. 2-4 ತಂದರೆ 2¼ ಇಂಚು ಆಗುತ್ತೆ, ಚೌಕಕ್ಕೆ ಕೂರಲ್ಲ. ಗಾಜಿನದು ಬೇಡ, ಲೋಹದ ತೆಳು ಬಳೆ. ಕಸಿ ಮಾಡಿದ (ಸವರಿ ತೆಗೆದ) ಕಾಫಿ ಕೊಂಬೆಯ ಒಂದು ಇಂಚು ದಪ್ಪದ ತುಂಡು ಕೊಯ್ದು, ಗರಗಸದಲ್ಲಿ ಮಧ್ಯೆ ಒಂದು ಸೀಳು ಹಾಕಿ ಬಳೆ ಸಿಕ್ಕಿಸಿ, ನೇರ ನಿಲ್ಲುತ್ತೆ. ಹಸಿ ಕೊಂಬೆಯಲ್ಲಿ ಸೀಳಿದರೆ ಒಣಗೋವಾಗ ಬಿರಿಯುತ್ತೆ, ಒಣಗಿಸಿ ಆಮೇಲೆ ಸೀಳಿ. ಹತ್ತಿಯನ್ನು ತೆಳ್ಳಗೆ ಹಿಂಜಿ *ಒಂದು ಕಡೆಗೆ ಮಾತ್ರ* ಅಂಟಿಸಿ. ಹತ್ತಿ ಇರೋದೇ ಮುಖ. ಗಲಾಟೆ ಮುಗೀತು.

ನಾಪೋಕ್ಲು_ನೆರಳು
ಕಕ್ಕಡ 18 (ಕೊಡಗಿನಲ್ಲಿ ಮದ್ದು ಸೊಪ್ಪಿನ ಅಡುಗೆ ಮಾಡೋ ದಿನ) ಹತ್ತಿರ ಬಂತು. ಮದ್ದು ಸೊಪ್ಪು ಕುದಿಸಿದ ನೀರು ಸ್ವಲ್ಪ ಎತ್ತಿಟ್ಟು ಹತ್ತಿಯನ್ನು ಅದರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ನೇರಳೆ ಮಂಜು ಬರುತ್ತೆ. ಮಾಂತ್ರಿಕ ಬಾಗಿಲಿಗೆ ಇದಕ್ಕಿಂತ ಒಳ್ಳೇ ಬಣ್ಣ ಇಲ್ಲ.

ದಾಳ20_ವಿರಾಜಪೇಟೆ
ಬಟ್ಟೆ ಮೇಲೆ ಚೆಲ್ಲಿಕೊಳ್ಳಬೇಡಿ, ಕಲೆ ಹೋಗಲ್ಲ. ಉಳಿದ ನೀರಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡಿ.

ಸೋಮವಾರಪೇಟೆ_ಸೊನ್ನೆ
500 ಅಡಿ ಆ ಅಳತೆಯಲ್ಲಿ 100 ಇಂಚು, 8 ಅಡಿಗೂ ಮೇಲೆ. ಯಾವ ಟೇಬಲ್ಲಿಗೂ ಸಾಲಲ್ಲ.

ಗೋಣಿಕೊಪ್ಪ_ಗ್ನೋಮ್
ಇವರಿಗೆ ಬೇಕಾಗಿರೋದು 60 ಅಡಿ ಕಡಂಗ, ಅಂದ್ರೆ 12 ಇಂಚು. ಅಂಚಿನ ಚೌಕ ಸೇರಿಸಿದರೂ ಒಂದೂವರೆ ಅಡಿ ಟೇಬಲ್ ಸಾಕು. ದೂರದ್ದಾದರೆ ಎರಡನೇ ಹಾಳೆ ಇಟ್ಟು ಮಧ್ಯೆ ಎಷ್ಟು ಅಡಿ ಅಂತ ಬರೆದರಾಯ್ತು.

ಕಡಂಗ_ಕಾವಲು
ತೀರ್ಮಾನ ಬರೆದುಬಿಡ್ತೀನಿ, ಆಟಗಾರರೂ ಇದನ್ನು ಓದ್ತಾರೆ. ಗೂಬೆ ಕಣ್ಣು ಇಲ್ಲ. ಬಾಗಿಲು ಆಚೆ ಅಂಚಿಗೆ, ಬೆಳಕಿನ ಬಾಣ ನೆಟ್ಟರೆ ಕಾಣುತ್ತೆ. ಕೆಸರು ಡಿಫಿಕಲ್ಟ್ ಟೆರೇನ್. ಕತ್ತರಿಸೋದು ಇಲ್ಲ. ಬಾಣ ಹೋಗುತ್ತೆ, ಬೆಂಕಿ ಹೋಗಲ್ಲ, ಎರಡೂ ಪಕ್ಷಕ್ಕೆ. ಅಂಚಿನಿಂದ ಹೊರಬಂದ ಓಗರ್‌ಗೆ ಡೆಕ್ಸ್ಟೆರಿಟಿ ಸೇವ್ (ಚುರುಕಿನಿಂದ ಪಾರಾಗೋಕೆ ಹಾಕೋ ದಾಳ) ಡಿಸಿ 12 ಕೊಡ್ತೀನಿ, ಗೆದ್ದರೆ ಅಂಚಿನ ಬೇರು ಹಿಡಿದು ನೇತಾಡುತ್ತೆ. ಇದು ನಿಯಮದಲ್ಲಿಲ್ಲ, ನನ್ನ ತೀರ್ಮಾನ.

ದಾಳ20_ವಿರಾಜಪೇಟೆ
ಬೆಂಕಿ ವಿಷಯದಲ್ಲಿ ತಪ್ಪು ಮಾಡ್ತಿದ್ದೀರಿ. ಆದರೂ ಆಟಕ್ಕೆ ಮೊದಲೇ ಹೇಳಿದ್ದೀರಿ, ಅಷ್ಟು ಸಾಕು.

ಕಿತ್ತಳೆ_ತೋಟ
ನೇತಾಡೋ ಓಗರ್ ಪಕ್ಕದಲ್ಲೇ ಇನ್ನೊಂದು ಓಗರ್ ಹೊರಬಂದರೆ ಅದರ ಕಾಲಿಗೆ ತಗುಲಿಕೊಳ್ಳುತ್ತಾ?

ಕಡಂಗ_ಕಾವಲು
ತಗುಲಿಕೊಂಡರೆ ಎರಡಕ್ಕೂ ಇನ್ನೊಂದು ಸೇವ್, ಡಿಸಿ 15. ಬರೆದುಕೊಂಡೆ. 2-0 ಬಳೆ ಎರಡು ಸಿಕ್ಕಿದವು, ಕೊಂಬೆ ಒಲೆ ಮೇಲಿನ ಅಟ್ಟದಲ್ಲಿ ಒಣಗ್ತಾ ಇದೆ.